ಹತ್ತೊಂಬತ್ತನೆಯ ನಿಯಮ

ಕಾರಟಗಿಯ ವಿರುಪಣ್ಣನವರ ಅಕ್ಕಿ ಗಿರಣಿಯಲ್ಲಿ ಓಬಳೆಪ್ಪನ ಕಿವಿಗಿದ್ದ ಮರ್ಯಾದೆ ಅವನ ಬಾಯಿಗಿರಲಿಲ್ಲ. ಬಾಯಿ ಬಿಟ್ಟರೆ ಅನುಮಾನ. ಹಮಾಲರು ಎಲ್ಲೋ ನಕ್ಕರೆ ತನ್ನನ್ನು ಕುರಿತೇ ನಕ್ಕರು, ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಬೇಕಂತಲೇ ಕಡಿಮೆ ಹಾಕಿದರು ಎನ್ನುವ ಮನುಷ್ಯ. "ಅನುಮಾನಂ ಪೆದ್ದ ರೋಗಂ", ಅನುಮಾನವೇ ದೊಡ್ಡ ರೋಗ, ಎಂದು ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗರು ಅವನ ಮುಖದ ಮೇಲೆಯೇ ಹೇಳುತ್ತಿದ್ದರು. ಆದರೆ ಕಿವಿ ಮಾತ್ರ ಬಂಗಾರದ್ದು. ಅಕ್ಕಿಗೆ ಹೊಳಪು ಕೊಡುವ ಪಾಲಿಶರಿನ ಮೋಟಾರು ಕೂದಲೆಳೆಯಷ್ಟು ಸದ್ದು ಬದಲಿಸಿದರೂ ಎದ್ದು ಹೋಗಿ, ಬೀಳುವ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಒಂದು ಕಾಳನ್ನು ಹಲ್ಲಿಗೆ ಕೊಟ್ಟು, ವೇಗದ ನಾಬನ್ನು ಇಷ್ಟೇ ಇಷ್ಟು ತಿರುಗಿಸುತ್ತಿದ್ದ. ಅವನು ನಿಂತ ಪಾಳಿಯಲ್ಲಿ ಅಕ್ಕಿ ಇಡಿಯಾಗಿ ಬರುತ್ತಿತ್ತು, ನುಚ್ಚು ಕಡಿಮೆ. ಮೂವತ್ತು ವರ್ಷದಿಂದ ಅವನ ಅನ್ನ ಆ ಮೋಟಾರಿನ ಪಕ್ಕದಲ್ಲೇ ಇತ್ತು.

ದಸರೆಗೆ ಮುಂಚೆ ಗಂಗಾವತಿಯಿಂದ ದೀಪಿಕಾ ಬಂದಳು. ಮಿಲ್ಲುಗಳ ಮೋಟಾರಿಗೆ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ ಕೂಡಿಸಿಕೊಡುವ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ ಇಂಜಿನಿಯರ್ ಹುಡುಗಿ. ಓಬಳೆಪ್ಪನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಟುಬುಕ್ಕು ತೆರೆದಳು.

"ಕಾಕಾ, ಅಕ್ಕಿ ಬೆಚ್ಚಗಾದ್ರ ಏನ ಮಾಡ್ತೀರಿ?"

"ಎಷ್ಟ ಬೆಚ್ಚಗ?" ಎಂದ ಓಬಳೆಪ್ಪ. "ಜರಾ ಬೆಚ್ಚಗಾದ್ರ ಹಂಗ ಬಿಡ್ತೀನಿ. ಛಲೋತ್ನಂಗ ಬೆಚ್ಚಗಾದ್ರ ಜರಾ ಇಳಸ್ತೀನಿ. ಕೈ ಸುಟ್ರ ಭಾಳ ಇಳಸ್ತೀನಿ."

ಅವಳ ಮುಖ ಅರಳಿತು. "ನನಗ ಬೇಕಾಗಿದ್ದು ಇದ ನೋಡ್ರಿ. ಬ್ಯಾರೆ ಯಂತ್ರಕ್ಕ ಹೌದು, ಇಲ್ಲ, ಎರಡ ಗೊತ್ತು. ಈ ಪೆಟ್ಟಿಗಿಗೆ ನಿಮ್ಮ 'ಜರಾ'ನೂ ತಿಳಿತೈತಿ, 'ಭಾಳ'ನೂ ತಿಳಿತೈತಿ. ಫಜಿ ಲಾಜಿಕ್ ಅಂತಾರ್ರಿ ಇದಕ್ಕ. ನೀವು ಹೇಳಿದ್ದನ್ನ ನಿಯಮ ಮಾಡಿ ಇದ್ರಾಗ ಹಾಕ್ತೀನಿ. ಮುಂದ ಮೋಟಾರಿನ ಸ್ಪೀಡು ಅದ ನೋಡ್ಕೊಂತೈತಿ."

ಅದೇ ನೋಡಿಕೊಂಡರೆ ನಾನು ಏನು ನೋಡಿಕೊಳ್ಳಲಿ ಎಂದುಕೊಂಡ ಓಬಳೆಪ್ಪ. ಅಷ್ಟರಲ್ಲಿ ವಿರುಪಣ್ಣನವರು ಆಫೀಸಿನ ಬಾಗಿಲಲ್ಲಿ ನಿಂತು, "ಯಾರನ್ನೂ ಕೆಲ್ಸದಿಂದ ತಗ್ಯಾಂಗಿಲ್ಲಪಾ, ಹೆದರಬ್ಯಾಡ" ಎಂದರು. ಯಾರೂ ಕೇಳಿರಲಿಲ್ಲ. ಕೇಳದೆ ಹೇಳಿದ್ದೇ ಉರಿಯುವ ಅನುಮಾನಕ್ಕೆ ತುಪ್ಪ ಸುರಿದಂತಾಯಿತು.

ಆದರೂ ಎರಡು ದಿನ ಅವನು ಖರೆಯೇ ಹೇಳಿದ. ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಮೂವತ್ತು ವರ್ಷದಲ್ಲಿ ಅವನ ಕೆಲಸವನ್ನು ಅಷ್ಟು ಅಕ್ಕರೆಯಿಂದ ಕೇಳಿದವರೇ ಇರಲಿಲ್ಲ. ಎರಡನೆಯ ದಿನ ಊಟಕ್ಕೆ ಕೂತಾಗ ಹೆಂಡತಿ ಹುಲಗೆಮ್ಮನ ಮುಂದೆ ಬಾಯಿ ಬಿಟ್ಟ.

ಹುಲಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾಟಿ ಹಚ್ಚೋ ಮಷಿನ್ ಬಂದ ವರ್ಷ ನಮ್ಮನ್ನೂ ಹಿಂಗ ಕೇಳಿದ್ರು. ಸಸಿ ಎಷ್ಟ ಆಳಕ್ಕ ಊರ್ತೀರಿ, ಎಷ್ಟ ಅಂತರ ಬಿಡ್ತೀರಿ ಅಂತ. ಕೆಸರಾಗ ನಿಂತು ತೋರಿಸಿದ್ವಿ. ಮರುವರ್ಷ ನಮ್ಮ ಗ್ಯಾಂಗಿನಾಗ ಒಬ್ಬಾಕಿನ್ನೂ ಕರೀಲಿಲ್ಲ. ಎಲ್ಲಾ ಹೇಳಬ್ಯಾಡ ನೀ."

ಮರುದಿನ ದೀಪಿಕಾ ಹತ್ತೊಂಬತ್ತನೆಯ ಪ್ರಶ್ನೆ ಕೇಳಿದಳು. "ಭತ್ತ ಹಸಿ ಇದ್ದು, ಅಕ್ಕಿ ಮೆತ್ತಗ ಬಂದ್ರ?"

ಹಸಿ ಭತ್ತದ ಅಕ್ಕಿ ವೇಗ ತಾಳುವುದಿಲ್ಲ, ಪುಡಿಪುಡಿಯಾಗುತ್ತದೆ. ಇಳಿಸಬೇಕು, ಅದೂ ಸಾವಕಾಶ. ಅದನ್ನು ಕಲಿಯಲು ಓಬಳೆಪ್ಪನಿಗೆ ಆರು ಸುಗ್ಗಿ ಬೇಕಾಗಿದ್ದವು.

"ಏರಸ್ತೀನ್ರಿ," ಎಂದ, ಕಣ್ಣು ಮಿಟುಕಿಸದೆ.

ಅವಳು ಬರೆದುಕೊಂಡಳು. ಆ ವಾರ ಗಿರಣಿಯಲ್ಲಿ ಇದ್ದದ್ದೆಲ್ಲ ಗೋದಾಮಿನ ಹಳೆಯ ಒಣ ಭತ್ತ. ಮಾತನ್ನು ತಾಳೆ ನೋಡಲು ಹಸಿ ಭತ್ತ ಒಂದು ಚೀಲವೂ ಇರಲಿಲ್ಲ. ಹೊಸ ಬೆಳೆ ಬರಲಿ, ಪೆಟ್ಟಿಗೆ ಅಕ್ಕಿ ಒಡೆಯಲಿ, ಧಣಿಗಳು ಅದನ್ನು ಹೊರಗೆ ಎಸೆಯಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಉಳಿದ ಎಂಟು ಪ್ರಶ್ನೆಗಳಿಗೆ ಅವನು ಖರೆಯೇ ಹೇಳಿದ. ಒಂದು ಸುಳ್ಳು ಸಾಕಿತ್ತು.

ಪೆಟ್ಟಿಗೆ ಬಂದು ಕೂತಿತು. ಒಣ ಭತ್ತದಲ್ಲಿ ಒಂದು ತಿಂಗಳು ಅದು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಓಬಳೆಪ್ಪ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ, ತಾನೇ ನಾಬು ತಿರುಗಿಸಿದಂತಿರುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ದೀಪಿಕಾ, "ಎಲ್ಲಾ ಕಾಕಾನ ಕೈಗುಣ" ಎಂದರೆ, ಇವಳಿಗೆ ಗೊತ್ತಾಗಿರಬೇಕು, ಬಾಯಿ ಬಿಡಿಸಲು ಹೊಗಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನನ್ನು ಯಾರೂ ಕಳ್ಳ ಅನ್ನದಿದ್ದರೂ ಇವನ ಕೈ ಹೆಗಲ ಮೇಲೆಯೇ ಇತ್ತು.

ಸುಗ್ಗಿ ಬಂತು. ಸಿದ್ದಾಪುರದ ಕಡೆಯಿಂದ ಬಂದ ಮೊದಲ ಲೋಡು ಸರಿಯಾಗಿ ಬಿಸಿಲು ಕಂಡಿರಲಿಲ್ಲ. ಪೆಟ್ಟಿಗೆಯನ್ನು ಹೊಸ ಭತ್ತದಲ್ಲಿ ನೋಡೋಣವೆಂದು ದೀಪಿಕಾ ಅಂದೇ ಬಂದಿದ್ದಳು. ಹಸಿ ಅಕ್ಕಿ ಪಾಲಿಶರಿಗೆ ಇಳಿದ ಕೂಡಲೇ ಮೋಟಾರು ದನಿ ಏರಿಸಿತು. ಓಬಳೆಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ಬಿಟ್ಟ. ಅರ್ಧ ತಾಸಿನಲ್ಲಿ ಕೆಳಗೆ ಅಕ್ಕಿಗಿಂತ ನುಚ್ಚೇ ಹೆಚ್ಚಾಗಿ ಬೀಳತೊಡಗಿತು. ವಿರುಪಣ್ಣನವರು ಬೊಗಸೆ ತುಂಬ ನುಚ್ಚು ಹಿಡಿದು ಬಂದರು.

ದೀಪಿಕಾ ವೈರು ನೋಡಿದಳು, ಸೆನ್ಸರು ನೋಡಿದಳು. ಕೊನೆಗೆ ನೋಟುಬುಕ್ಕು ತೆರೆದಳು. "ಪೆಟ್ಟಿಗಿ ತಪ್ಪು ಮಾಡಿಲ್ರಿ. ಹತ್ತೊಂಬತ್ತನೇ ನಿಯಮ. ಹಸಿ ಇದ್ರ ಏರಸಬೇಕು. ಕಾಕಾ ಹೇಳಿದ್ದ ಐತಿ."

ವಿರುಪಣ್ಣನವರು ಓಬಳೆಪ್ಪನ ಕಡೆ ತಿರುಗಿದರು. ಇವನ ಲೆಕ್ಕದಲ್ಲಿ ಅವರು ಪೆಟ್ಟಿಗೆಯ ಕಡೆ ತಿರುಗಬೇಕಾಗಿತ್ತು.

"ಅಂದ್ರ ಇಷ್ಟು ವರ್ಷ ನೀ ಹಿಂಗ ಮಾಡ್ಕೋತ ಬಂದಿಯೇನು? ಸುಗ್ಗ್ಯಾಗ ನುಚ್ಚು ಹೆಚ್ಚು ಬಂದಾಗೆಲ್ಲಾ ಭತ್ತದ ತಪ್ಪು ಅಂತಿದ್ದಿ. ನಾ ನಂಬ್ತಿದ್ನೆಲ್ಲೋ. ಕೆಲ್ಸ ಗೊತ್ತಿಲ್ದಾವನ್ನ ನಾ ಮೂವತ್ತು ವರ್ಷ ಇಟ್ಕೊಂಡೇನಿ."

ತಾನು ತೋಡಿದ ಗುಂಡಿ ಇಷ್ಟು ಆಳವಿದೆಯೆಂದು ಓಬಳೆಪ್ಪ ಅಂದುಕೊಂಡಿರಲಿಲ್ಲ. ಸುಮ್ಮನಿದ್ದರೆ ಕೆಲಸ ಬಾರದವನು, ಬಾಯಿ ಬಿಟ್ಟರೆ ಸುಳ್ಳ. ಸುಳ್ಳ ಅನ್ನಿಸಿಕೊಂಡು ಬದುಕಬಹುದು ಎನಿಸಿತು. ಇನ್ನೊಂದನ್ನು ಅವನ ಕಿವಿ ಕೇಳಲಾರದು. ಹೋಗಿ ಪೆಟ್ಟಿಗೆಯನ್ನು ಬಂದ್ ಮಾಡಿ, ಹಳೆಯ ನಾಬು ಹಿಡಿದು, ಸಾವಕಾಶ ಇಳಿಸಿದ. ಮೋಟಾರು ಉಸಿರು ಬಿಟ್ಟಂತೆ ಮೆತ್ತಗಾಯಿತು. ಹತ್ತು ನಿಮಿಷದಲ್ಲಿ ಕಾಳು ಇಡಿಯಾಗಿ ಬೀಳತೊಡಗಿತು.

"ಕೆಲ್ಸ ಗೊತ್ತಿಲ್ಲ ಅನ್ಬ್ಯಾಡ್ರಿ ಧಣೇರ," ಎಂದ. "ಗೊತ್ತಿದ್ದೂ ಸುಳ್ಳ ಹೇಳಿದ್ದೆ. ನನ್ನ ಕೆಲ್ಸದಿಂದ ತಗೀತೀರಿ ಅಂತ ಹೆದರಿ ಹೇಳಿದ್ದೆ."

ತೆಗೆಯುತ್ತಿದ್ದರೋ ಇಲ್ಲವೋ, ಅದನ್ನು ವಿರುಪಣ್ಣನವರು ಆಗಲೂ ಹೇಳಲಿಲ್ಲ.

"ಉಳದ ಇಪ್ಪತ್ತಾರು, ಕಾಕಾ?" ಎಂದಳು ದೀಪಿಕಾ.

"ಖರೇ ಅದಾವವ್ವಾ. ಆಣಿ ಮಾಡಿ ಹೇಳ್ತೀನಿ."

ಅವಳು ವಿರುಪಣ್ಣನವರ ಮುಖ ನೋಡಿದಳು. "ಒಂದೊಂದನ್ನೂ ಮತ್ತ ನೋಡ್ಬೇಕ್ರಿ. ಹಸಿ ಭತ್ತಕ್ಕ, ಒಣ ಭತ್ತಕ್ಕ, ಎಲ್ಲಾ ತಳಿಗೂ. ಎರಡು ಬೆಳಿ ಹಿಡಿತೈತಿ."

"ಅಲ್ಲೀತನ ಈ ಪೆಟ್ಟಿಗಿ ಬಿಟ್ಟು ಕದಲಬ್ಯಾಡ ನೀ," ಎಂದರು ವಿರುಪಣ್ಣನವರು ಓಬಳೆಪ್ಪನಿಗೆ.

ಎರಡು ಬೆಳೆ ಅಂದರೆ ಒಂದು ವರ್ಷ. ಕೆಲಸ ಉಳಿಯಿತು. ಇದನ್ನು ಕೇಳಿದರೆ ಹುಲಗೆಮ್ಮ ಇವತ್ತು ಪಾಯಸ ಮಾಡಿಯಾಳು ಎಂದು ಓಬಳೆಪ್ಪ ಒಳಗೊಳಗೇ ಹಿಗ್ಗಿದ.

ದೀಪಿಕಾ ನೋಟುಬುಕ್ಕಿನ ಮೊದಲ ಪುಟಕ್ಕೆ ಹೋದಳು. "ಒಂದನೇದು. ಅಕ್ಕಿ ಜರಾ ಬೆಚ್ಚಗಾದ್ರ?"

"ಹಂಗ ಬಿಡ್ತೀನ್ರಿ."

ಅವಳು ಬರೆಯಲಿಲ್ಲ. "ತೋರಸ್ರಿ."

ವಿರುಪಣ್ಣನವರು ಆಫೀಸಿಗೆ ಹೋಗಲಿಲ್ಲ. ಕನ್ನಡಕ ಹಾಕಿಕೊಂಡು, ತಾವೇ ಮುಟ್ಟಿ ನೋಡಲೆಂದು ಹತ್ತಿರ ಬಂದು ನಿಂತರು. ಊರನ್ನೆಲ್ಲ ಅನುಮಾನಿಸಿಕೊಂಡು ಬಂದ ಓಬಳೆಪ್ಪನಿಗೆ ಅನುಮಾನದ ಕಣ್ಣು ತನ್ನ ಕೈಯ ಮೇಲೆ ಬಿದ್ದರೆ ಹೇಗಿರುತ್ತದೆಂದು ಆವರೆಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ಬೀಳುತ್ತಿದ್ದ ಅಕ್ಕಿಯನ್ನು ಹಿಡಿದು, ಬೆಚ್ಚಗೋ ಅಲ್ಲವೋ ಎಂದು ತಾನು ಹೇಳುವ ಮೊದಲೇ, ಅವರೇ ಮುಟ್ಟಿ ನೋಡಲೆಂದು ಇಬ್ಬರ ಮುಂದೆ ಕೈ ಚಾಚಿದ.