ಕೈ ಎತ್ತಿದರೆ ನಿಲ್ಲಿಸುವ ಡಾಕ್ಟರು

ಬಡಗಿಯ ಆರು ವರ್ಷದ ಮಗಳಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಎದ್ದಾಗ ಶುರುವಾದ ಮಾತು ನಿದ್ದೆ ಬರುವ ತನಕ ನಿಲ್ಲುತ್ತಿರಲಿಲ್ಲ. ನಿದ್ದೆಯಲ್ಲೂ ಒಂದೆರಡು ಸುದ್ದಿ ಓದುತ್ತಾಳೆ ಎಂದು ಅವಳಮ್ಮ ನಗುತ್ತಿದ್ದಳು. ಆ ರೇಡಿಯೋ ಈಗ ಬಾಯಿ ಬಿಗಿದುಕೊಂಡು, ಅಪ್ಪನ ಮರಗೆಲಸದ ಶೆಡ್ಡಿನ ಮೂಲೆಯಲ್ಲಿ, ಹಲಗೆಗಳ ಮೇಲೆ, ಬಲಗೆನ್ನೆಗೆ ಕೈಯಾನಿಸಿ ಕೂತಿತ್ತು.

ಹಲ್ಲು ನೋವು ಶುರುವಾಗಿ ಆಗಲೇ ವಾರ ಕಳೆದಿತ್ತು. “ಹಾಲುಹಲ್ಲು ತಾನೇ? ಹೇಗೂ ಬಿದ್ದು ಹೋಗೋದು” ಎನ್ನುತ್ತಲೇ ಬಡಗಿ ದಿನ ದೂಡಿದ್ದ. ನೋವಿನ ಮಾತ್ರೆ ತಂದುಕೊಟ್ಟ. ಕೆನ್ನೆ ಊದಿಕೊಂಡಾಗ ಬಿಸಿ ಬಟ್ಟೆಯಿಂದ ಶಾಖ ಕೊಟ್ಟ. ಹಳೆಯ ಅಂಟನ್ನು ಬಿಸಿ ಮಾಡಿ ಸಡಿಲಿಸುವ ಕೈ ಅವನದು, ಊತವೂ ಹಾಗೇ ಇಳಿಯುತ್ತದೆ ಎಂದುಕೊಂಡ. ಇಳಿಯುವುದು ಹಾಗಿರಲಿ, ಬೆಳಿಗ್ಗೆ ನೋಡಿದರೆ ಊತ ಇನ್ನೂ ಮೇಲೇರಿತ್ತು.

“ಇಲ್ಲಿ ನೋಡ್ರೀ, ಕಣ್ಣಿನ ಕೆಳಗೇ ಬಂದುಬಿಟ್ಟಿದೆ. ಮೈ ಸುಡ್ತಾ ಇದೆ. ಇನ್ನೂ ಏನು ಕಾಯ್ತಾ ಇದೀರಾ?” ಎಂದು ಹೆಂಡತಿ ಕಂಕುಳಲ್ಲಿ ಕೂಸನ್ನು ಹಿಡಿದುಕೊಂಡೇ ರೇಗಿದಳು.

“ಇನ್ನೊಂದು ಮಾತ್ರೆ ತರ್ತೀನಿ ಇರು” ಎಂದು ಬಡಗಿ ಎದುರಿನ ಔಷಧಿ ಅಂಗಡಿಗೆ ಹೋದ.

ಅಂಗಡಿಯ ಅಕ್ಕನಿಗೆ ಬೀದಿಯ ಎಲ್ಲರ ಕೆಮ್ಮು, ಜ್ವರ, ಜಗಳ ಗೊತ್ತು. ಅವಳು ಮಾತ್ರೆಯ ಡಬ್ಬಕ್ಕೆ ಕೈ ಹಾಕಲೇ ಇಲ್ಲ. “ಮೊದಲು ಮಗೂನ ತೋರಿಸು” ಎಂದು ಬೀದಿ ದಾಟಿ ತಾನೇ ಬಂದಳು. ರೇಡಿಯೋ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಖ ನೋಡಿದಳು. ಬಲಗಣ್ಣು ಅರ್ಧ ಮುಚ್ಚಿತ್ತು. ಅಕ್ಕನ ಮುಖವೇ ಬದಲಾಯಿತು.

“ಮಾತ್ರೆ ಕೊಡಲ್ಲಪ್ಪಾ. ಅದು ನೋವನ್ನ ಅಡಗಿಸುತ್ತೆ, ಒಳಗಿರೋ ಕೀವನ್ನ ತೆಗೆಯಲ್ಲ. ಕೀವು ಹೀಗೆ ಹರಡ್ತಾ ಹೋದ್ರೆ ಕಣ್ಣಿಗೂ ಅಪಾಯ, ಜೀವಕ್ಕೂ ಅಪಾಯ. ಗಾಡಿ ತೆಗಿ. ದಂತ ಕಾಲೇಜಿನ ಆಸ್ಪತ್ರೆಗೆ ಹೋಗೋಣ, ಅಲ್ಲಿ ಮಕ್ಕಳ ಹಲ್ಲಿಗೆ ಅಂತಾನೇ ಒಂದು ವಿಭಾಗ ಇದೆ.”

“ಹಾಲುಹಲ್ಲಿಗೆ ಜೀವ ಹೋಗುತ್ತಾ ಅಕ್ಕಾ?”

“ಹಲ್ಲಿಗಲ್ಲ, ಕೀವಿಗೆ. ಮಾತು ಸಾಕು, ಹೊರಡು.”

ಬಡಗಿ ಗಾಡಿಯ ಕೀಲಿ ತೆಗೆದುಕೊಂಡ. ಕೂಸಿನೊಂದಿಗೆ ಹೆಂಡತಿ ಮನೆಯಲ್ಲೇ ಉಳಿದಳು. ಅಕ್ಕ ಅಂಗಡಿಯ ಬಾಗಿಲೆಳೆದು ಅವನು ಮರ ಸಾಗಿಸುವ ಗೂಡ್ಸ್ ಆಟೋದಲ್ಲಿ ಪಕ್ಕ ಕೂತು ಮಗುವನ್ನು ಮಡಿಲಲ್ಲಿ ಹಾಕಿಕೊಂಡಳು.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಕ್ಕಳ ಹಲ್ಲಿನ ವಿಭಾಗ. ಗೋಡೆಗೆ ಹಳದಿ ಬಣ್ಣ, ಪುಟ್ಟ ಪುಟ್ಟ ಕುರ್ಚಿಗಳು, ಒಳಗೆಲ್ಲೋ ಒಂದು ಮಗುವಿನ ಅಳು. ಮಗುವಿನ ಮುಖ ಕಂಡದ್ದೇ ತಡ, ಸಾಲಿನಲ್ಲಿ ಕಾಯಿಸದೆ ಅವರನ್ನು ಒಳಗೆ ಕರೆದರು. ಬಂದವಳು ತೆಳ್ಳಗಿನ ಎಳೆ ಪ್ರಾಯದ ಡಾಕ್ಟರು. ಜ್ವರ ನೋಡಿದಳು, ಕಣ್ಣು ನೋಡಿದಳು, ಉಸಿರಾಟ ಗಮನಿಸಿದಳು. ಬಡಗಿಯ ಕಣ್ಣು ಮಾತ್ರ ಅವಳ ಬಿಳಿ ಕೋಟಿನ ಮೇಲಿನ ಬಿಲ್ಲೆಯಲ್ಲೇ ನೆಟ್ಟಿತ್ತು. ಅಲ್ಲಿ ‘ಸ್ನಾತಕೋತ್ತರ ವಿದ್ಯಾರ್ಥಿನಿ’ ಎಂದಿತ್ತು.

“ನೀವಿನ್ನೂ ಕಲೀತಾ ಇದೀರಾ?” ಎಂದ.

“ಹೌದು. ಮಕ್ಕಳ ದಂತ ಚಿಕಿತ್ಸೆಯಲ್ಲಿ ತರಬೇತಿ ತಗೋತಾ ಇದೀನಿ. ನಮ್ಮ ಪ್ರೊಫೆಸರ್ ಮೇಡಂ ಈಗ ಬರ್ತಾರೆ...”

ಮುಂದಿನದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳನ್ನು ಬಾಚಿ ಎತ್ತಿಕೊಂಡವನೇ ಹೊರಗೆ ನಡೆದ. ಅಕ್ಕ ಹಿಂದೆಯೇ ಓಡಿ ಬಂದು ಮೆಟ್ಟಿಲ ಬಳಿ ಅಡ್ಡ ನಿಂತಳು.

“ಎಲ್ಲಿಗೆ ಹೊರಟೆ?”

“ಬೇರೆ ಕಡೆಗೆ. ಕಲಿಯೋರ ಕೈಗೆ ನನ್ನ ಮಗಳನ್ನ ಕೊಡಲ್ಲ. ನಾನು ಕಲಿಯೋವಾಗ ಎಷ್ಟು ಹಲಗೆ ಹಾಳು ಮಾಡಿದೀನಿ ಅಂತ ನನಗೆ ಗೊತ್ತು. ಹಲಗೆ ಹೋದ್ರೆ ಇನ್ನೊಂದು ತರಬಹುದು ಅಕ್ಕಾ. ಇವಳನ್ನ ಎಲ್ಲಿಂದ ತರಲಿ?”

ಅಕ್ಕನಿಗೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು.

“ನೀನು ಮಂಚ, ಬಾಗಿಲು ಎಲ್ಲಾ ಮಾಡೋದು ಕಲಿತ ಮೇಲೆ, ಕೆತ್ತನೆ ಕಲಿಯೋಕೆ ಇನ್ನೊಬ್ಬ ಗುರು ಹತ್ರ ಹೋದೆ ಅಲ್ವಾ?”

“ಹೋದೆ. ಅದಕ್ಕೇನೀಗ?”

“ಆವಾಗ ನಿನ್ನ ಬಡಗಿ ಅಲ್ಲ ಅಂತ ಯಾರಾದ್ರೂ ಅಂದ್ರಾ? ಈ ಹುಡುಗೀದೂ ಅದೇ ಕಥೆ. ವರ್ಷಗಟ್ಟಲೆ ಓದಿ, ಪಾಸಾಗಿ, ಹಲ್ಲಿನ ಡಾಕ್ಟರ್ ಆಗೇ ಇಲ್ಲಿಗೆ ಬಂದಿರೋದು. ದೊಡ್ಡೋರ ಹಲ್ಲು ನೋಡ್ಕೊಂಡು ಹಾಯಾಗಿ ಇರಬಹುದಿತ್ತು. ಅದು ಬಿಟ್ಟು ಮಕ್ಕಳಿಗೋಸ್ಕರ ಇನ್ನೂ ಎರಡು ಮೂರು ವರ್ಷ ಇಲ್ಲಿ ದುಡೀತಾರೆ. ಅಳೋ ಮಗು, ಒದೆಯೋ ಮಗು, ಹೃದಯದ ಕಾಯಿಲೆ ಇರೋ ಮಗು, ಎಲ್ಲಾರನ್ನೂ ನೋಡ್ತಾರೆ. ನನ್ನ ತಂಗಿ ಮಗನಿಗೆ ಮಾತೇ ಬರಲ್ಲ, ಅವನಿಗೂ ಇಲ್ಲೇ ತೋರಿಸಿದ್ದು. ಹಿಂದೆ ಪ್ರೊಫೆಸರ್ ನಿಂತಿರ್ತಾರೆ, ಅವರು ಹೂಂ ಅನ್ನದೆ ಇವರು ಮುಂದೆ ಹೋಗಲ್ಲ. ನಿನ್ನ ಗುರು ಹೀಗೆ ನಿನ್ನ ಭುಜದ ಹಿಂದೆ ನಿಂತಿದ್ರೆ ಅಷ್ಟು ಹಲಗೆ ಹಾಳಾಗ್ತಿತ್ತಾ?”

ಹೆಗಲ ಮೇಲಿದ್ದ ಮಗಳ ಉಸಿರು ಬಡಗಿಯ ಕತ್ತಿಗೆ ಕೆಂಡದಂತೆ ತಾಗುತ್ತಿತ್ತು. ಅವನು ತಿರುಗಿ ಒಳಗೆ ನಡೆದ.

ಪ್ರೊಫೆಸರ್ ಬಂದಿದ್ದರು. ನರೆಗೂದಲಿನ, ಮಾತು ಕಡಿಮೆಯ ಹೆಂಗಸು. ಎಕ್ಸ್‌ರೇ ಆಯಿತು. ಮೇಲಿನ ದವಡೆ ಹಲ್ಲಿನ ಬೇರಿನಲ್ಲಿ ಕೀವು ತುಂಬಿದೆ, ಹಲ್ಲು ತೆಗೆದು ಕೀವು ಹೊರಗೆ ಬಿಡಬೇಕು, ತಡ ಮಾಡುವಂತಿಲ್ಲ ಎಂದರು. “ನೀನೇ ಮಾಡು, ನಾನು ಇಲ್ಲೇ ಇರ್ತೀನಿ” ಎಂದು ಎಳೆಯ ಡಾಕ್ಟರಿಗೆ ಹೇಳಿ ಕುರ್ಚಿಯ ಹಿಂದೆ ನಿಂತರು.

ಎಲ್ಲ ತಯಾರಾಯಿತು. ರೇಡಿಯೋ ಮಾತ್ರ ಬಾಯಿ ತೆರೆಯಲಿಲ್ಲ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಕುರ್ಚಿಯಲ್ಲಿ ಮುದುಡಿ, ಬೆವರುತ್ತಾ ನಡುಗುತ್ತಿದ್ದಳು.

“ಕೈಕಾಲು ಹಿಡ್ಕೋತೀನಿ, ಮುಗಿಸಿಬಿಡಿ ಡಾಕ್ಟ್ರೇ!” ಎಂದ ಬಡಗಿ.

“ಬೇಡ” ಎಂದಳು ಎಳೆಯ ಡಾಕ್ಟರು. “ಸುಮ್ ಸುಮ್ನೆ ಮಗು ಇಷ್ಟು ಹೆದರಲ್ಲ. ಇವಳನ್ನ ಯಾರಾದ್ರೂ ಹೆದರಿಸಿದೀರಾ?”

ಬಡಗಿಯ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಮೊಳೆ ಕೀಳುವ ಇಕ್ಕಳ ಅಲ್ಲೇ ಇತ್ತು. ಅವಸರದಲ್ಲಿ ತೆಗೆದಿಡುವುದನ್ನೇ ಮರೆತಿದ್ದ. ಮಗಳ ಕಣ್ಣೂ ಅಲ್ಲೇ ಇತ್ತು.

“ನಾನೇ” ಎಂದ. ನಾಚಿಕೆಯಿಂದ ತಲೆ ತಗ್ಗಿತು. “ಹಲ್ಲುಜ್ಜಲ್ಲ ಅಂತ ಹಟ ಮಾಡಿದಾಗೆಲ್ಲ ಇದನ್ನ ಟಕಟಕ ಅನ್ನಿಸ್ತಿದ್ದೆ. ಹಲ್ಲಿನ ಡಾಕ್ಟರ್ ಹತ್ರ ಇದಕ್ಕಿಂತ ದೊಡ್ಡದಿದೆ, ಕರ್ಕೊಂಡು ಹೋಗ್ಲಾ ಅಂತಿದ್ದೆ. ತಮಾಷೆಗೆ.”

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಕ್ಕ ಮೆಲ್ಲಗೆ ಆ ಇಕ್ಕಳವನ್ನು ಈಸಿಕೊಂಡು ಹೊರಗೆ ಹೋದಳು.

ಎಳೆಯ ಡಾಕ್ಟರು ಪ್ರೊಫೆಸರರ ಕಡೆ ನೋಡಿದಳು. “ಮೇಡಂ, ಸ್ವಲ್ಪ ಸಮಯ ಕೊಡ್ತೀರಾ?”

“ಸ್ವಲ್ಪವೇ. ಆಗದಿದ್ರೆ ಆಪರೇಷನ್ ಥಿಯೇಟರಿನಲ್ಲಿ ಪ್ರಜ್ಞೆ ತಪ್ಪಿಸಿ ಮಾಡಬೇಕಾಗುತ್ತೆ. ಅಲ್ಲಿಗೆ ತಿಳಿಸಿಟ್ಟಿರ್ತೀನಿ.”

ಡಾಕ್ಟರು ರೇಡಿಯೋ ಪಕ್ಕದಲ್ಲಿ ಮೊಣಕಾಲೂರಿ, ಪುಟ್ಟ ಕನ್ನಡಿಯ ಕಡ್ಡಿಯನ್ನು ಅವಳ ಕೈಗೆ ಕೊಟ್ಟಳು. “ಪುಟ್ಟೀ, ಮೊದಲು ನೀನು ಡಾಕ್ಟರ್ ಆಗ್ತೀಯಾ? ಅಪ್ಪನ ಹಲ್ಲು ನೋಡೋಣ. ಅಪ್ಪಾ, ನೀವು ಬಂದು ಕೂತ್ಕೊಳ್ಳಿ.”

ಬಡಗಿ ಜನ್ಮದಲ್ಲಿ ಅಂಥ ಕುರ್ಚಿ ಹತ್ತಿದವನಲ್ಲ. ಹಿಂದಕ್ಕೆ ಒರಗಿಸಿದಾಗ ಎರಡೂ ಕೈಯಲ್ಲಿ ಹಿಡಿಕೆಯನ್ನು ಅವುಚಿಕೊಂಡ. ಮೇಲೆ ದೀಪ ಬೆಳಗಿತು. ‘ಇದು ಇಷ್ಟು ಭಯವಾ!’ ಎಂದುಕೊಂಡ. ಮಗಳು ಅಂಜುತ್ತಂಜುತ್ತಾ ಕನ್ನಡಿಯನ್ನು ಅವನ ಬಾಯೊಳಗಿಟ್ಟು ಇಣುಕಿದಳು.

“ಏನು ಕಾಣ್ತಿದೆ ಡಾಕ್ಟ್ರೇ?”

“ಕಪ್ಪು” ಎಂದಳು ರೇಡಿಯೋ. ಬೆಳಗಿನಿಂದ ಅವಳಾಡಿದ ಮೊದಲ ಮಾತು. “ಅಪ್ಪಂದು ಒಂದು ಹಲ್ಲು ತೂತಾಗಿದೆ. ಬಾಯಿ ವಾಸನೆ ಬೇರೆ.”

ಮಾತು ಕಡಿಮೆಯ ಪ್ರೊಫೆಸರ್ ಕೂಡ ಕಿಸಕ್ಕನೆ ನಕ್ಕರು.

ಮತ್ತೆ ಮಗಳ ಸರದಿ ಬಂತು. ಡಾಕ್ಟರು ಸುಳ್ಳು ಹೇಳಲಿಲ್ಲ. “ಮೊದಲು ಚುಳ್ ಅನ್ನುತ್ತೆ ಪುಟ್ಟೀ. ಆಮೇಲೆ ಅಲ್ಲಿ ಜೋಮು ಹಿಡಿಯುತ್ತೆ. ನಿನಗೆ ಬೇಡ ಅನ್ನಿಸಿದ್ರೆ ಎಡಗೈ ಎತ್ತು. ನಾನು ನಿಲ್ಲಿಸ್ತೀನಿ. ಖಂಡಿತ ನಿಲ್ಲಿಸ್ತೀನಿ.”

ರೇಡಿಯೋ ಬಾಯಿ ತೆರೆದಳು. ಜೋಮಿನ ಸೂಜಿ ಚುಚ್ಚುವಾಗ ಕಣ್ಣಲ್ಲಿ ನೀರು ತುಂಬಿತು, ಕೈ ಎತ್ತಲಿಲ್ಲ. ಡಾಕ್ಟರು ಮುಂದಿನ ಕೆಲಸಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಪ್ರೊಫೆಸರ್ ಎಂದರು: “ತಡಿ. ಕೀವಿರೋ ಕಡೆ ಮದ್ದು ಬೇಗ ಹಿಡಿಯಲ್ಲ.” ಡಾಕ್ಟರು ಕೂಡಲೇ ಕೈ ಹಿಂದೆಗೆದಳು. ಗುರು ಭುಜದ ಹಿಂದೆ ನಿಲ್ಲುವುದೆಂದರೆ ಏನೆಂದು ಬಡಗಿ ಕಣ್ಣಾರೆ ನೋಡಿದ.

ಆಮೇಲೆ ಕೆಲಸ ಶುರುವಾಯಿತು. ಅರ್ಧ ದಾರಿಯಲ್ಲಿ ಪುಟ್ಟ ಎಡಗೈ ಮೇಲೆದ್ದಿತು.

ಡಾಕ್ಟರು ನಿಲ್ಲಿಸಿಬಿಟ್ಟಳು.

“ಇನ್ನೇನು ಆಗೇ ಹೋಗಿತ್ತಲ್ಲ!” ಎಂಬ ಮಾತು ಬಡಗಿಯ ನಾಲಿಗೆ ತುದಿಗೆ ಬಂತು. ಕಚ್ಚಿ ಹಿಡಿದ. ಮಗಳು ಒಂದು ದೀರ್ಘ ಉಸಿರೆಳೆದಳು. ಡಾಕ್ಟರ ಕೈ ನಿಜವಾಗಿಯೂ ನಿಂತಿದೆಯೇ ಎಂದು ನೋಡಿದಳು. ನಿಂತಿತ್ತು. ಆಗ ಅವಳು ತಾನಾಗಿಯೇ ಮತ್ತೆ ಬಾಯಿ ತೆರೆದಳು, ಈ ಸಲ ಮೊದಲಿಗಿಂತ ಅಗಲವಾಗಿ.

ಹಲ್ಲು ಬಂತು. ಕೀವು ಹರಿಯಿತು. ಬಡಗಿ ಗೋಡೆಗೊರಗಿ ನಿಂತು ಎಲ್ಲರ ಎದುರೇ ಅತ್ತ.

ರಾತ್ರಿ ಮಗುವನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಔಷಧಿ ಕೊಟ್ಟರು. ಬೆಳಗಾಗುವಷ್ಟರಲ್ಲಿ ಜ್ವರ ಇಳಿದು, ಬಲಗಣ್ಣು ಪೂರ್ತಿ ತೆರೆದಿತ್ತು. ಹೊರಡುವಾಗ ಡಾಕ್ಟರು ಹೇಳಿದಳು: “ಈ ಜಾಗದಲ್ಲಿ ದೊಡ್ಡ ಹಲ್ಲು ಬರೋಕೆ ಇನ್ನೂ ವರ್ಷಗಳಿವೆ. ಅಲ್ಲೀವರೆಗೆ ಪಕ್ಕದ ಹಲ್ಲು ಜರುಗದ ಹಾಗೆ ಒಂದು ಪುಟ್ಟ ತಂತಿ ಕೂರಿಸಬೇಕು. ಗಾಯ ವಾಸಿಯಾದ ಮೇಲೆ ಬನ್ನಿ. ನಿಮ್ಮ ಕಪ್ಪು ಹಲ್ಲನ್ನೂ ಕೆಳಗಡೆ ದೊಡ್ಡೋರ ವಿಭಾಗದಲ್ಲಿ ತೋರಿಸಿ.”

“ಬರ್ತೀನಿ ಡಾಕ್ಟ್ರೇ. ನಿನ್ನೆ ನಿಮ್ಮ ಬಿಲ್ಲೆ ಓದಿ ಓಡಿಹೋದೆ. ಮನಸ್ಸಿಗೆ ಹಾಕ್ಕೋಬೇಡಿ.”

“ಓದಿದ್ದು ತಪ್ಪಲ್ಲ. ಕೇಳಿದ್ದೂ ತಪ್ಪಲ್ಲ. ಉತ್ತರ ಕೇಳೋಕೆ ನಿಲ್ಲಬೇಕಿತ್ತು ಅಷ್ಟೇ” ಎಂದು ಅವಳು ನಕ್ಕಳು.

ವಾರ ಕಳೆಯುವಷ್ಟರಲ್ಲಿ ರೇಡಿಯೋ ಮತ್ತೆ ಇಡೀ ಬೀದಿಗೆ ಕೇಳುತ್ತಿತ್ತು. ಮಲಗುವ ಮುನ್ನ ಬಡಗಿ ಮಗಳನ್ನು ಬಚ್ಚಲ ಬಳಿ ನಿಲ್ಲಿಸಿ ತಾನೇ ಅವಳ ಹಲ್ಲುಜ್ಜುತ್ತಿದ್ದ. ಗಾಯದ ಹತ್ತಿರ ಬ್ರಷ್ ಬಂದಾಗ ಅವಳು ಎಡಗೈ ಎತ್ತಿದಳು, ಎತ್ತಿ ಅಪ್ಪನ ಮುಖವನ್ನೇ ನೋಡಿದಳು.

ಬಡಗಿ ನಿಲ್ಲಿಸಿದ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಹುಳುಕನ್ನು ಬೆಳೆಯಲು ಬಿಡಬೇಡಿ. ಮಗುವಿನ ಕೆನ್ನೆ ಊದಿಕೊಂಡು ಜ್ವರ ಬಂದರೆ ಶಾಖ ಕೊಡುತ್ತಾ, ಮಾತ್ರೆ ನುಂಗಿಸುತ್ತಾ ಕೂರಬೇಡಿ, ಅಂದೇ ಆಸ್ಪತ್ರೆಗೆ ಓಡಿ. ಮಕ್ಕಳ ಹಲ್ಲಿಗೆಂದೇ ತರಬೇತಿ ಪಡೆದವರು, ಪಡೆಯುತ್ತಿರುವವರು ಇದ್ದಾರೆ. ಹತ್ತಿರದ ದಂತ ಆಸ್ಪತ್ರೆಯಲ್ಲಿ ಅವರನ್ನು ಕೇಳಿ. ಎಳೆಯ ಡಾಕ್ಟರು ಕಂಡರೆ ಹೆದರಿ ಹಿಂದಿರುಗಬೇಡಿ, ಹಿಂದೆ ಯಾರು ನಿಂತಿರುತ್ತಾರೆ ಎಂದು ಧೈರ್ಯವಾಗಿ ವಿಚಾರಿಸಿ. ಮಗುವಿಗೆ ನೋವಿಲ್ಲದಾಗಲೇ ಒಮ್ಮೆ ಕರೆದುಕೊಂಡು ಹೋಗಿ, ಆ ಕುರ್ಚಿ, ಆ ದೀಪ, ಆ ಕನ್ನಡಿ ಪರಿಚಯವಾಗಲಿ. ಮತ್ತೆ ಇಂದಿನಿಂದಲೇ, ತಮಾಷೆಗೂ, ಡಾಕ್ಟರ ಹೆಸರು ಹೇಳಿ ಮಗುವನ್ನು ಹೆದರಿಸಬೇಡಿ. ನಾಳೆ ಆ ಬಾಯಿ ತೆರೆಯಲೇಬೇಕಾದ ಹೊತ್ತು ಬರಬಹುದು.