ಕರಡಿಗೆಯೊಳಗೆ ಏನಿದೆ

ಮಗಳು ಮೊಬೈಲ್ ನೋಡಿ ಒಬ್ಬಳೇ ನಗುತ್ತಾಳೆ ಎಂದರೆ ಯಾವ ತಾಯಿಯಾದರೂ ಕೈಯಲ್ಲಿನ ಕೆಲಸ ಬಿಟ್ಟು ಹತ್ತಿರ ಸುಳಿಯುತ್ತಾಳೆ. ಧನಕವಡಿಯ ಶಿವಗಂಗವ್ವ ಮೊದಲು ಯಾವನೋ ಹುಡುಗ ಎಂದುಕೊಂಡಳು. ಹುಡುಗನಾಗಿದ್ದರೆ ಎಷ್ಟೋ ವಾಸಿಯಿತ್ತು! ಇಣುಕಿದರೆ ಪರದೆಯ ಮೇಲೆ ಶಿಲುಬೆ.

"ಏನಿದು, ಶೈಲಾ?"

"ಒಬ್ಬರು ಪಾದ್ರಿ ಬರೀತಾರವ್ವಾ. ನೆಟ್‌ನ್ಯಾಗ ಸಿಕ್ಕ ಚೊಲೊ ಚೊಲೊ ಸುದ್ದಿ ವಾರಕ್ಕೊಮ್ಮೆ ಹಾಕ್ತಾರ. ನೋಡಿಲ್ಲಿ, ನೀ ಮಸಾಲಿಗೆ ಹಾಕ್ತಿಯಲ್ಲ ಕಲ್ಲುಹೂ, ಅಂಥಾದ್ದು ಚರ್ಚಿನ ಗೋರಿಗಳ ಮ್ಯಾಲೂ ಬೆಳೀತದಂತ. ಅದನ್ನ ಅಳದು ಕಲ್ಲಿನ ವಯಸ್ಸು ಹೇಳ್ತಾರ!"

ಅಯ್ಯ ಶಿವನೇ, ಮಸಾಲೆ ತೋರಿಸಿ ಮತಕ್ಕೆಳೆಯುತ್ತಾರೆ! ಅವತ್ತಿನಿಂದ ಶಿವಗಂಗವ್ವನ ಕಣ್ಣು ಮಗಳ ಕೊರಳಿನ ಮೇಲೆ. ಇಷ್ಟಲಿಂಗದ ಕರಡಿಗೆಯೇನೋ ಅಂಗಿಯೊಳಗೆ ಉಬ್ಬಿ ಕಾಣುತ್ತಿತ್ತು. ಆದರೆ ಆ ಬೆಳ್ಳಿ ಡಬ್ಬಿಯ ಒಳಗೆ ಇರುವುದು ಲಿಂಗವೋ ಶಿಲುಬೆಯೋ, ಕಂಡವರಾರು? ಪೂಜೆಯನ್ನೂ ಹುಡುಗಿ ಗಡಿಬಿಡಿಯಲ್ಲಿ ಮುಗಿಸಿ ಕಾಲೇಜಿಗೆ ಓಡುತ್ತಿದ್ದಳು. ಅಪ್ಪನನ್ನು ನೋಡಿ ಕಲಿಯಬಾರದೇ? ಹೊಳಬಸಪ್ಪ ದಿನಾ ಕೋಣೆಯ ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕೂತರೆ ಹೆಂಡತಿ ಕೂಡ ಒಳಗೆ ಹೋಗುವಂತಿಲ್ಲ. ಅಂಥ ನಿಷ್ಠೆ.

ಸ್ವಾರಗೇಟದ ಬಟ್ಟೆ ಅಂಗಡಿಯಿಂದ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ಕೆಂಡವಾದ.

"ಐತವಾರ ನನ್ನ ಮುಂದ ಕರಡಿಗಿ ತೆಗೀಲಿ. ಒಳಗ ಲಿಂಗ ಇಲ್ಲಂದ್ರ ಎಮ್ಮೆಸ್ಸಿ ಬಂದ್. ಸಂಜಿ ಬಸ್ಸಿಗೆ ಜಮಖಂಡಿ, ಅಜ್ಜಿ ಮನಿ!"

ಐತವಾರ ಬೆಳಿಗ್ಗೆ ಶೈಲಾ ಅಪ್ಪನೆದುರು ಕೂತಳು. ಓದಿನ ಕಡೇ ವರ್ಷ. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿ.

"ನಂಬಿಕಿ ಇದ್ದೋರು ತೆಗದು ನೋಡಾಕ ಅಂಜಬಾರದು ಅಂತ ಆ ಪಾದ್ರಿನೂ ಬರದಾರ."

ಮುಚ್ಚಳ ತೆಗೆದಳು. ಒಳಗೆ ಕಪ್ಪನೆಯ ಲಿಂಗ, ಮೇಲೆ ಅಂದಿನ ವಿಭೂತಿ. ಶಿವಗಂಗವ್ವನಿಗೆ ಹೋದ ಜೀವ ಬಂದಂತಾಯಿತು. ಹಡೆದ ಮಗಳ ಮೇಲೆ ಗುಮಾನಿಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

"ಅಪ್ಪಾ, ಈಗ ನಿಮ್ಮದು ತೆಗೀರಿ."

"ಅಪ್ಪನ್ನೇ ಪರೀಕ್ಷಾ ಮಾಡ್ತೀಯೇನಲೇ?" ಗುಡುಗಿದನೇನೋ ನಿಜ, ಆದರೆ ಹೊಳಬಸಪ್ಪನ ಕೈ ಎದೆಯ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಶಿವಗಂಗವ್ವ ಅದನ್ನು ನೋಡಿದಳು. ಮುಚ್ಚಿದ ಬಾಗಿಲೂ ನೆನಪಾಯಿತು.

"ತೆಗೀರಿ," ಎಂದಳು.

ತೆಗೆದ. ಒಳಗೆ ಇದ್ದದ್ದು ಒಂದು ಅಡಿಕೆ.

"ದೌಂಡ ಸ್ಟೇಷನ್‌ನ್ಯಾಗ ಗಾಡಿ ಹತ್ತೂ ಗದ್ದಲದಾಗ ಮುಚ್ಚಳ ಸಡಲಾಗಿ ಬಿತ್ತು. ಎಷ್ಟು ಹುಡುಕಿದ್ರೂ ಸಿಗಲಿಲ್ಲ." ಅವನು ನೆಲ ನೋಡುತ್ತಿದ್ದ. "ಲಿಂಗ ಕಳಕೊಂಡಾಂವ ಜೀವ ಇಟಗೋಬಾರದಂತಾರ. ಹೆಂಗ ಹೇಳ್ಲಿ?"

"ಯಾವಾಗ?"

"ಶೈಲಾ ಬಾಲವಾಡಿಗೆ ಹೋಗ್ತಿದ್ಲು."

ಇಷ್ಟು ವರ್ಷ ಅಡಿಕೆ ಇಟ್ಟುಕೊಂಡು ಬಾಗಿಲ ಹಿಂದೆ ಕೂತಿದ್ದನೇ ಈ ಮನುಷ್ಯ! ಶಿವಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಅವನ ಬಾಗಿದ ತಲೆ ನೋಡಿ ಕರುಳೂ ಚುರ್ ಎಂದಿತು. ಶೈಲಾ ನಗಲಿಲ್ಲ. ಎದ್ದು ಅಪ್ಪನ ಪಕ್ಕದಲ್ಲಿ ಕೂತಳು.

"ಅಂಜಬ್ಯಾಡ್ರಿ ಅಪ್ಪಾ. ಸ್ವಾಮಿಗಳ ಕಡೆ ಹೋಗಿ ಹೊಸಾದು ಕಟ್ಟಿಸ್ಕೊಳ್ಳೂಣು."

ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನತ್ತ ತಿರುಗಿದಳು.

"ಏನ್ರೀ, ಸಂಜಿ ಜಮಖಂಡಿ ಬಸ್ಸಿಗೆ ಈಗ ಯಾರು ಹೋಗೋರು?"