ನಗುವಿಗೆ ಬೇರೆ ಸಹಿ

ಮೂರು ವರ್ಷಗಳ ಹಿಂದೆ ಟೀಚರೊಬ್ಬಳು ಇನ್ನೂ ಹನ್ನೊಂದು ಜನರ ಜೊತೆ ಕಂಪ್ಯೂಟರಿಗೆ ಮಾತು ಕಲಿಸುವ ಒಂದು ಕಂಪನಿಗೆ ತನ್ನ ದನಿ ಕೊಟ್ಟಿದ್ದಳು. ನಾಲ್ಕು ದಿನ ಗಾಜಿನ ಕೋಣೆಯಲ್ಲಿ ಕೂತು ಸಾವಿರಾರು ವಾಕ್ಯ ಓದಿದ್ದಕ್ಕೆ ಸಿಕ್ಕ ದುಡ್ಡಿನಲ್ಲಿ ಮನೆಗೊಂದು ವಾಷಿಂಗ್ ಮೆಷಿನ್ ಬಂತು. ಆಮೇಲೆ ಅವಳ ದನಿ ಬ್ಯಾಂಕು, ಆಸ್ಪತ್ರೆ, ಲಿಫ್ಟು ಎಂದು ಎಲ್ಲೆಲ್ಲೂ ಮಾತಾಡತೊಡಗಿತು. ಕಂಪನಿ ಏಳಂತಸ್ತಿನ ಸ್ವಂತ ಕಟ್ಟಡಕ್ಕೆ ಹೋಯಿತು. ಟೀಚರ್ ಅದೇ ಬಸ್ಸು ಹಿಡಿದು ಅದೇ ಶಾಲೆಗೆ ಹೋಗುತ್ತಿದ್ದಳು.

ಮನೆಯಲ್ಲಿ ಇದರಿಂದ ತಮಾಷೆಯೇ ಹೆಚ್ಚು. ಬ್ಯಾಂಕಿಗೆ ಫೋನ್ ಮಾಡಿದ ಅತ್ತೆ, "ದಯವಿಟ್ಟು ಕಾಯಿರಿ" ಎಂಬ ಸೊಸೆಯ ದನಿ ಕೇಳಿ, "ಮನೇಲೂ ಇದನ್ನೇ ಹೇಳ್ತೀಯ, ಇಲ್ಲೂ ಇದೇನಾ?" ಎಂದು ರೇಗುತ್ತಿದ್ದರು.

ಒಂದು ದಿನ ಕಂಪನಿಯ ಮಾಲೀಕನೇ ಫೋನ್ ಮಾಡಿದ. ಅವಳ ದನಿಯಲ್ಲಿ ಕಂಪ್ಯೂಟರ್ ಚೆನ್ನಾಗಿ ಮಾತಾಡುತ್ತದೆ, ನಗಲು ಹೋದರೆ ಮಾತ್ರ ಕೆಮ್ಮಿದ ಹಾಗಿರುತ್ತದೆ. ದೊಡ್ಡ ಗಿರಾಕಿಯೊಬ್ಬನಿಗೆ ನಗುವ ದನಿಯೇ ಬೇಕಂತೆ. "ಅರ್ಧ ಗಂಟೆ ನಕ್ಕು ಹೋಗಿ ಮೇಡಂ. ಗಿಫ್ಟ್ ವೋಚರ್ ಕೊಡ್ತೀವಿ."

ಅತ್ತೆಯೂ ಜೊತೆಗೆ ಹೊರಟರು. ಮೈಕಿನ ಮುಂದೆ ಟೀಚರ್ ಕಷ್ಟಪಟ್ಟು "ಹಹಹ" ಎಂದಳು. ರೆಕಾರ್ಡಿಂಗ್ ಮಾಡುವವನು ತಲೆ ಚಚ್ಚಿಕೊಂಡ. ಜೋಕು ಹೇಳುವವನೊಬ್ಬನನ್ನು ಕರೆಸಿದರು. ಅವನ ಜೋಕಿಗೆ ಅವನೊಬ್ಬನೇ ನಕ್ಕ.

"ಯಾಕೆ ಮೇಡಂ, ನಗು ಬರ್ತಿಲ್ವಾ?" ಎನ್ನುತ್ತ ಮಾಲೀಕ ಒಳಗೆ ಬಂದ.

"ನಿಮ್ಮ ಕಟ್ಟಡ ನೋಡಿ ಹೊಟ್ಟೆ ಉರೀತಿದೆ ಸರ್," ಎಂದಳು ಟೀಚರ್ ಮುಚ್ಚುಮರೆಯಿಲ್ಲದೆ. "ಉರಿಯೋ ಹೊಟ್ಟೇಲಿ ಹೊಟ್ಟೆ ಹುಣ್ಣಾಗೋ ಹಾಗೆ ನಗೋದು ಹೇಗೆ?"

"ಒಪ್ಪಂದಕ್ಕೆ ಸಹಿ ಹಾಕಿದೀರಲ್ಲ!"

"ಮಾತಿಗೆ ಹಾಕಿದ್ದೆ. ನಗುವಿಗೆ ಹಾಕಿಲ್ಲ."

ಮಾಲೀಕ ಕಾಗದ ತರಿಸಿ ಓದಿದ. 'ಓದಿದ ವಾಕ್ಯಗಳು' ಎಂದಷ್ಟೇ ಇತ್ತು. ಒಂದು ವೋಚರ್ ಎರಡಾಯಿತು, ನಾಲ್ಕಾಯಿತು. ಟೀಚರ್ ಚೀಲ ಹೆಗಲಿಗೇರಿಸಿದಳು.

"ನಮ್ಮ ದನಿ ದುಡಿದಿದ್ದರಲ್ಲಿ ತಿಂಗಳು ತಿಂಗಳು ಪಾಲು ಬೇಕು. ನನಗೊಬ್ಬಳಿಗಲ್ಲ, ಹನ್ನೆರಡು ಜನಕ್ಕೂ."

"ಹನ್ನೆರಡು ಜನಕ್ಕಾ! ಆಮೇಲೆ ನಮಗೇನು ಉಳಿಯತ್ತೆ?"

ಮೂಲೆಯಲ್ಲಿ ಕೂತಿದ್ದ ಅತ್ತೆ ಬಾಯಿಬಿಟ್ಟರು: "ಆರಂತಸ್ತು ಉಳಿಯತ್ತಲ್ಲಪ್ಪ, ಸಾಲದಾ?"

ರೆಕಾರ್ಡಿಂಗ್‌ನವನು ಕಿಸಕ್ಕೆಂದ. ಟೀಚರಿಗೂ ತಡೆಯಲಾಗಲಿಲ್ಲ, ನಗು ಉಕ್ಕಿ ಉಕ್ಕಿ ಬಂತು. "ರೆಕಾರ್ಡ್ ಮಾಡೋ, ಬೇಗ!" ಎಂದು ಮಾಲೀಕ ಕೂಗಿದ. ಟೀಚರ್ ನಗುತ್ತಲೇ ಮೈಕನ್ನು ಅಂಗೈಯಲ್ಲಿ ಮುಚ್ಚಿದಳು. "ಮೊದಲು ಸಹಿ ಸರ್."

ಸಂಜೆಯೊಳಗೆ ನಗುವ ದನಿ ಕೈಗೆ ಬರಬೇಕೆಂದು ಗಿರಾಕಿ ಹೇಳಿದ್ದ. ಮಾಲೀಕ ಕೊಸರಾಡಿ, ಮುಖ ಹಿಂಡಿ, ಕೇಳಿದ ಪಾಲಿನಲ್ಲಿ ಅರ್ಧಕ್ಕೆ ಒಪ್ಪಿದ. ಕಾಗದದಲ್ಲಿ ಹನ್ನೆರಡು ಹೆಸರೂ ಬಂದವು. ಟೀಚರ್ ಅರ್ಧ ಗಂಟೆ ಮನಸಾರೆ ನಕ್ಕಳು.

ಬಸ್ಸಿನಲ್ಲಿ ಕೂತು ಹನ್ನೊಂದು ಜನಕ್ಕೂ ಫೋನ್ ಮಾಡಿದಳು. ಒಬ್ಬಾಕೆ ನಂಬಲೇ ಇಲ್ಲ. ಅತ್ತೆ ಫೋನ್ ಕಿತ್ತುಕೊಂಡರು. "ನಿಜ ಕಣಮ್ಮ, ಸಹಿ ಹಾಕೋಕೆ ಪೆನ್ನು ಕೊಟ್ಟಿದ್ದೇ ನಾನು!"